ಉಚಿತ ವಸ್ತುವೂ ಏಕಸ್ವಾಮ್ಯವೂ

ಏಕಸ್ವಾಮ್ಯವೆಂದರೆ ಮಾರುವವನು ಒಬ್ಬನೇ, ಅವನು ಹೇಳಿದ್ದೇ ಬೆಲೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಓದುತ್ತೇವೆ. ಹೀಗಿರುವಲ್ಲಿ, ವಸ್ತುವನ್ನು ಪುಕ್ಕಟೆಯಾಗಿ ಹಂಚಿದ ಕಂಪೆನಿಯೊಂದರ ಮೇಲೆ ಅಮೆರಿಕದ ಸರಕಾರವೇ ಏಕಸ್ವಾಮ್ಯದ ಮೊಕದ್ದಮೆ ಹೂಡಿತೆಂದರೆ ಯಾರಿಗಾದರೂ ಸೋಜಿಗವಾಗದಿರದು.

ಆ ಕಂಪೆನಿ ಮೈಕ್ರೋಸಾಫ್ಟ್. 1990ರ ದಶಕದಲ್ಲಿ ಇಂಟೆಲ್ ಮಾದರಿಯ ಗಣಕಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವು ಅದರ ವಿಂಡೋಸ್ ಎಂಬ ಮೂಲ ತಂತ್ರಾಂಶದಿಂದಲೇ ನಡೆಯುತ್ತಿದ್ದವು. 1994ರಲ್ಲಿ ಹುಟ್ಟಿದ ನೆಟ್‌ಸ್ಕೇಪ್ ಎಂಬ ಚಿಕ್ಕ ಕಂಪೆನಿ ಅಂತರಜಾಲವನ್ನು ನೋಡುವ ಬ್ರೌಸರನ್ನು ಮಾಡಿ ಹೆಸರು ಗಳಿಸಿತು. ಮುಂದೆ ಎಲ್ಲ ಕೆಲಸವೂ ಬ್ರೌಸರಿನಲ್ಲೇ ಆಗುವುದಾದರೆ ವಿಂಡೋಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಅಂಜಿಕೆ ದೊಡ್ಡ ಕಂಪೆನಿಗೆ ಹುಟ್ಟಿತು. ಅದು ತನ್ನದೇ ಬ್ರೌಸರನ್ನು ಮಾಡಿ, ವಿಂಡೋಸಿಗೆ ಜೋಡಿಸಿ, ಪುಕ್ಕಟೆ ಕೊಟ್ಟಿತು. ಇಷ್ಟೇ ಆಗಿದ್ದರೆ ಸ್ಪರ್ಧೆಯೆನ್ನಬಹುದಿತ್ತು. ಗಣಕ ತಯಾರಿಸುವವರು ಆ ಬ್ರೌಸರಿನ ಗುರುತನ್ನು ತೆರೆಯಿಂದ ತೆಗೆಯಕೂಡದೆಂಬ ಕರಾರನ್ನೂ ಹಾಕಿತು.

ಸಂತೆಯ ಮೈದಾನದ ಒಡೆಯನೇ ಬಾಗಿಲಲ್ಲಿ ಕುಳಿತು ಬಂದವರಿಗೆಲ್ಲ ಬೆಲ್ಲ ಪುಕ್ಕಟೆ ಹಂಚಿ, ಉಳಿದ ಬೆಲ್ಲದ ಗಾಡಿಗಳನ್ನು ಹಿಂದಿನ ಮೂಲೆಗೆ ತಳ್ಳಿದನೆಂದು ಭಾವಿಸೋಣ. ಆ ದಿನ ಗಿರಾಕಿಗೆ ಲಾಭವೇ ಸರಿ. ಮುಂದಿನ ವರ್ಷ ಬೇರೆ ಗಾಡಿಯೇ ಬಾರದಿದ್ದಾಗಲಷ್ಟೇ ನಷ್ಟ ತಿಳಿಯುವುದು.

ಬುದ್ಧಿಯಿಂದ ಬೆಳೆದವನನ್ನು ಶಿಕ್ಷಿಸುವುದು ನ್ಯಾಯವೇ ಎಂದು ಕೆಲವರು ಕೇಳಿಯಾರು. ಬೆಳೆಯುವುದು ಅಪರಾಧವಲ್ಲ, ಬೆಳೆದ ಮೇಲೆ ಇನ್ನೊಬ್ಬನು ಬರುವ ದಾರಿಗೆ ಮುಳ್ಳು ಹಾಕುವುದು ಅಪರಾಧ. 1998ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರಕಾರವೂ ಹಲವು ರಾಜ್ಯಗಳೂ ಹೂಡಿದ ಮೊಕದ್ದಮೆಯ ಸಾರ ಇದೇ. 2000ದ ಜೂನಿನಲ್ಲಿ ನ್ಯಾಯಾಧೀಶ ಜಾಕ್ಸನ್ ಅವರು ಕಂಪೆನಿಯನ್ನು ಇಬ್ಭಾಗ ಮಾಡಬೇಕೆಂದರು. 2001ರಲ್ಲಿ ಮೇಲಿನ ನ್ಯಾಯಾಲಯ ಇಬ್ಭಾಗದ ಆಜ್ಞೆಯನ್ನು ತಳ್ಳಿಹಾಕಿದರೂ, ಕಂಪೆನಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿತೆಂಬ ಮಾತನ್ನು ಎತ್ತಿಹಿಡಿಯಿತು. ಕೊನೆಗೆ ರಾಜಿಯಾಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಬೇರೊಂದು ಕಂಪೆನಿಯ ಪಾಲಾಗಿ ವರ್ಷಗಳೇ ಕಳೆದಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಇದು ದೂರದ ದೇಶದ ಹಳೆಯ ವ್ಯಾಜ್ಯ, ನಮಗೇಕೆ ಎನ್ನುವಂತಿಲ್ಲ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಗೂಗಲ್ ಕಂಪೆನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಗೂಗಲ್‌ನ ಹಲವು ತಂತ್ರಾಂಶಗಳನ್ನು ಒಟ್ಟಾಗಿ ಮೊದಲೇ ತುಂಬಿಡಬೇಕೆಂಬ ಕರಾರು ಅದರ ಕಾರಣಗಳಲ್ಲೊಂದು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ರದ್ದುಪಡಿಸಿದರೂ ದಂಡವನ್ನು ಉಳಿಸಿತು. ಇಲ್ಲಿಯೂ ಆ ತಂತ್ರಾಂಶಗಳು ಬಳಸುವವನಿಗೆ ಪುಕ್ಕಟೆಯೇ.

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲನೆಯವನು. ನಮ್ಮಂಥವರ ಮನೆಗೆ ಗಣಕ ಮೇಜಿನ ಮೇಲೆ ಬರಲಿಲ್ಲ. ಫೋನಿನ ರೂಪದಲ್ಲಿ ನೇರ ಜೇಬಿಗೇ ಬಂತು. ಅಂಗಡಿಯವನು ಕೊಟ್ಟಾಗ ಅದರಲ್ಲಿ ಏನಿತ್ತೋ ಅದೇ ಅಂತರಜಾಲವೆಂದು ನಮ್ಮ ತಂದೆಯವರು ತಿಳಿದಿದ್ದಾರೆ. ಇಂಗ್ಲಿಷ್ ಬಲ್ಲವನು, ಮನೆಯಲ್ಲಿ ಹೇಳಿಕೊಡುವವರಿರುವವನು ಬೇರೊಂದನ್ನು ಹುಡುಕಿ ಹಾಕಿಕೊಂಡಾನು. ಆಯ್ಕೆಯಿದೆಯೆಂಬುದೇ ತಿಳಿಯದವನಿಗೆ ಮೊದಲೇ ತುಂಬಿಟ್ಟದ್ದೇ ಗತಿ. ಆದುದರಿಂದ ಏಕಸ್ವಾಮ್ಯದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹೊಸದಾಗಿ ಅಕ್ಷರಲೋಕಕ್ಕೆ ಕಾಲಿಟ್ಟವರ ಮೇಲೆ ಹೆಚ್ಚಾಗಿ ಬೀಳುತ್ತದೆ.

2024ರಲ್ಲಿ ಕೇಂದ್ರ ಸರಕಾರದ ಸಮಿತಿಯೊಂದು, ತಪ್ಪು ನಡೆದ ಮೇಲೆ ವಿಚಾರಿಸುವುದಷ್ಟೇ ಸಾಲದು, ದೊಡ್ಡ ಡಿಜಿಟಲ್ ಕಂಪೆನಿಗಳಿಗೆ ಮೊದಲೇ ಕಟ್ಟುಪಾಡು ಬೇಕೆಂದು ಮಸೂದೆಯ ಕರಡೊಂದನ್ನು ಮುಂದಿಟ್ಟಿತು. ಇದರಿಂದ ಉದ್ಯಮಶೀಲತೆ ಕುಗ್ಗೀತೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಟ್‌ಸ್ಕೇಪಿಗೆ ಆದಂತೆ ನ್ಯಾಯ ತಡವಾಗಿ ಬಂದರೆ ಕುಗ್ಗುವುದು ನಾಳೆ ಹುಟ್ಟಬೇಕಾದ ಉದ್ಯಮ. ಅದು ನಮ್ಮ ಈ ಕಾಲೇಜಿನ ಸಹಪಾಠಿಯೊಬ್ಬನದೇ ಆಗಿರಬಹುದು. ಕಾನೂನು ಸಂತೆಯ ಬಾಗಿಲನ್ನು ಎಲ್ಲರಿಗೂ ತೆರೆದಿಡಲಿ. ಯಾವ ಬೆಲ್ಲ ಸಿಹಿಯೆಂಬುದನ್ನು ತಿಂದವರೇ ಹೇಳಲಿ.