ಸಾವಿರದ ಇನ್ನೂರಕ್ಕೆ ಸಾವಿರದೆಂಟು ದಾಖಲೆ

ರಾಮಮೂರ್ತಿ ನಗರದ ಮುದುಕಿಯೊಬ್ಬಳು ಬದುಕಿದ್ದಾಳೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕಾದರೆ ಅವಳು ಉಸಿರಾಡುತ್ತಿದ್ದರೆ ಸಾಲದು. ಆಧಾರ್ ಕಾರ್ಡು ಬೇಕು, ರೇಷನ್ ಕಾರ್ಡು ಬೇಕು, ಪಾಸ್‌ಬುಕ್ ಬೇಕು. ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಕಂಡವರ ಮನೆ ಪಾತ್ರೆ ಉಜ್ಜಿ ಸವೆದ ಹೆಬ್ಬೆಟ್ಟಿನ ಗೆರೆ ಯಂತ್ರದ ಕಣ್ಣಿಗೆ ಕಾಣಬೇಕು. ಇಷ್ಟೆಲ್ಲ ಕೂಡಿ ಬಂದರೆ ತಿಂಗಳಿಗೆ 1,200 ರೂಪಾಯಿ. ಒಂದು ತಪ್ಪಿದರೂ ದುಡ್ಡು ನಿಂತಿತು. ಯಾಕೆ ನಿಂತಿತು ಅಂತ ಕೇಳಲು ಹೋದರೆ ಸಿಗುವ ಉತ್ತರ ಒಂದೇ: "ಅಜ್ಜಿ, ಇದು ನಮ್ಮ ಕೈಲಿಲ್ಲ, ಸಿಸ್ಟಮ್‌ನಲ್ಲಿ ಹಂಗೆ ತೋರಿಸ್ತಾ ಇದೆ."

ಈ ಹಣದ ಹೆಸರು ಸಂಧ್ಯಾ ಸುರಕ್ಷಾ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ 400 ರೂಪಾಯಿಯಿಂದ ಶುರುವಾದದ್ದು. 65 ದಾಟಿದ ಸಣ್ಣ ರೈತ, ಕೂಲಿಯಾಳು, ನೇಕಾರ, ಮೀನುಗಾರ, ಅಸಂಘಟಿತ ಕೆಲಸಗಾರ, ಇವರಿಗಾಗಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಪ್ರಮಾಣ ವಚನ ತೆಗೆದುಕೊಂಡ ದಿನವೇ 1,000 ಇದ್ದದ್ದನ್ನು 1,200 ಮಾಡಿದರು. ವಿಧವಾ ವೇತನ 600ರಿಂದ 800ಕ್ಕೆ ಏರಿತು. ವಿಧವಾ ವೇತನ ಇನ್ನೂ ಹಳೆಯದು, 1984ರದ್ದು.

ಬಹಳ ಜನ ಇದನ್ನೆಲ್ಲ ಸಮಾಜ ಕಲ್ಯಾಣ ಇಲಾಖೆ ಕೊಡುತ್ತದೆ ಅಂದುಕೊಂಡಿದ್ದಾರೆ. ಅಲ್ಲ. ಕೊಡುವುದು ಕಂದಾಯ ಇಲಾಖೆ, ಅದರ ಕೆಳಗಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ. ಪಹಣಿ, ಮ್ಯುಟೇಷನ್, ಜಮೀನು ಒತ್ತುವರಿ, ಚುನಾವಣೆ ಕೆಲಸ ಎಲ್ಲ ನೋಡುವ ಅದೇ ತಹಸೀಲ್ದಾರ್, ಅದೇ ರೆವಿನ್ಯೂ ಇನ್‌ಸ್ಪೆಕ್ಟರ್, ಅದೇ ಗ್ರಾಮ ಲೆಕ್ಕಿಗ. ಗ್ರಾಮ ಲೆಕ್ಕಿಗನ ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಬದಲಾಗಿದೆ, ಕೆಲಸ ಮಾತ್ರ ಹಗುರಾಗಿಲ್ಲ. ಪೂರ್ವ ಬೆಂಗಳೂರಿನಂಥ ಕಡೆ, ಒಂದೊಂದು ಸೈಟು ಕೋಟಿ ಬಾಳುವ ಕಡೆ, ಕಂದಾಯ ಕಚೇರಿಯ ಮೇಜಿನ ಮೇಲೆ ಯಾವ ಫೈಲು ಮೇಲಕ್ಕೆ ಬರುತ್ತದೆ, ಯಾವುದು ಅಡಿಗೆ ಹೋಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕೆ?

ರಾಮಮೂರ್ತಿ ನಗರದ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಹಳೇ ಮದ್ರಾಸ್ ರಸ್ತೆಯ ಈ ಬದಿ ಕಾರ್ಖಾನೆಗಳ ನೆರಳಲ್ಲಿ ಬೆಳೆದದ್ದು. ಒಂದು ಕಡೆ ದೂರವಾಣಿ ನಗರದ ಐ.ಟಿ.ಐ., ಇನ್ನೊಂದು ಕಡೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ಕಾಯಂ ನೌಕರಿ ಮಾಡಿದವರಿಗೆ ಭವಿಷ್ಯನಿಧಿ ಪಿಂಚಣಿಯಾದರೂ ಉಂಟು. (ಅದರ ಕನಿಷ್ಠ ಮೊತ್ತ 2014ರಲ್ಲಿ 1,000 ಆದದ್ದು. ಅದೂ ಒಂದು ಕತೆ, ಇನ್ನೊಂದು ದಿನ ನೋಡೋಣ.) ಆದರೆ ಆ ಕಾರ್ಖಾನೆಯವರ ಮನೆಗಳಲ್ಲಿ ಬಟ್ಟೆ ಒಗೆದವರು, ಗೇಟಿನ ಹೊರಗೆ ಬೋಂಡ ಮಾರಿದವರು, ಮಣ್ಣು ಹೊತ್ತವರು ಇದ್ದಾರಲ್ಲ, ಅವರಿಗಿರುವುದು ಈ 1,200 ಒಂದೇ.

ಅವರು ಬಂದದ್ದಾದರೂ ಎಲ್ಲಿಂದ? ಕೋಲಾರ, ಕೆ.ಜಿ.ಎಫ್., ಚಿತ್ತೂರು ಕಡೆ, ಧರ್ಮಪುರಿ ಕಡೆ. ತಮಿಳರ ಹೆಸರಿನ ಹಿಂದೆ ಒಂದಕ್ಷರದ ಇನಿಷಿಯಲ್, ತೆಲುಗರಿಗೆ ಮನೆತನದ ಹೆಸರು ಮುಂದೆ, ಕನ್ನಡದವರಿಗೆ ಕೊನೆಗೊಂದು ಅಮ್ಮ. ರೇಷನ್ ಕಾರ್ಡ್ ಬರೆದವನು ಒಂದು ಥರ ಬರೆದ, ಆಧಾರ್ ಕುಟ್ಟಿದ ಹುಡುಗ ಇನ್ನೊಂದು ಥರ ಕುಟ್ಟಿದ. ಮುನಿಯಮ್ಮ, ಮುನಿಯಮ್ಮಾಳ್, ಎಂ. ಮುನಿಯಮ್ಮ. ಬೀದಿಯವರಿಗೆ ಮೂವರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು.

ವಿಳಾಸದ ಕತೆಯೂ ಹೀಗೇ. ಈ ಪ್ರದೇಶ ಮೊದಲು ಕೆ.ಆರ್. ಪುರ ನಗರಸಭೆಗೆ ಸೇರಿತ್ತು. 2007ರಲ್ಲಿ ಬಿ.ಬಿ.ಎಂ.ಪಿ. ಆಯಿತು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆ. ಇಪ್ಪತ್ತು ವರ್ಷ ತುಂಬುವುದರೊಳಗೆ ಮೂರು ಬೋರ್ಡು. ಬಾಡಿಗೆ ಮನೆಯವರಂತೂ ಹನ್ನೊಂದು ತಿಂಗಳ ಕರಾರು ಮುಗಿದರೆ ಕೌದೇನಹಳ್ಳಿಯಿಂದ ಹೊರಮಾವಿಗೆ, ಅಲ್ಲಿಂದ ಕಲ್ಕೆರೆಗೆ. ವರ್ಷಾವರ್ಷ ಪರಿಶೀಲನೆಗೆ ಬಂದ ಸಿಬ್ಬಂದಿ ಹಳೇ ಬಾಗಿಲು ಬಡಿದು, ಒಳಗಿಂದ ಬೇರೆಯವರು ಇಣುಕಿದರೆ ಏನು ಬರೆಯಬೇಕು? "ವಿಳಾಸದಲ್ಲಿ ವಾಸವಿಲ್ಲ." ಅವನ ತಪ್ಪೇನೂ ಇಲ್ಲ. ಮುದುಕಿಯ ತಪ್ಪೂ ಇಲ್ಲ. ದುಡ್ಡು ಮಾತ್ರ ಬಂದ್.

ಹಿಂದೆ ಮನಿಯಾರ್ಡರ್ ಕಾಲ ಇತ್ತು. ಪೋಸ್ಟ್‌ಮ್ಯಾನ್ ಬಂದು ಕೈಗೆ ಕೊಟ್ಟು, ಮಾಮೂಲು ಅಂತ ಹತ್ತೋ ಇಪ್ಪತ್ತೋ ಇಟ್ಟುಕೊಳ್ಳುತ್ತಾನೆ ಅನ್ನುವ ದೂರು ಊರೂರಲ್ಲಿತ್ತು. ಆ ದೂರನ್ನು ಮುಚ್ಚಲಿಕ್ಕೆ ಹಣ ನೇರ ಬ್ಯಾಂಕಿಗೆ ಅಂದರು. ಒಳ್ಳೆಯದೇ. ಆದರೆ ಬ್ಯಾಂಕೇ ಮಾಯವಾದರೆ? 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್.ಬಿ.ಐ.ಗೆ ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದ ಪಾಲಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಕನ್ನಡನಾಡಿನ ನಾಲ್ಕು ಬ್ಯಾಂಕು ನಾಲ್ಕು ವರ್ಷದೊಳಗೆ ಹೋದವು. ಐ.ಎಫ್.ಎಸ್.ಸಿ. ಸಂಖ್ಯೆ ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಅಕ್ಷರ ಬಾರದ ಮುದುಕಿಗೆ ಇದನ್ನು ಯಾರು ತಿಳಿಸಿ ಹೇಳಬೇಕಿತ್ತು?

ಈಗ ಆಧಾರ್ ಮೂಲಕ ಪಾವತಿ. ಇಲ್ಲೂ ಒಂದು ಮರ್ಮ ಉಂಟು. ಆಧಾರ್ ಸಂಖ್ಯೆಯನ್ನು ಕೊನೆಗೆ ಯಾವ ಖಾತೆಗೆ ಜೋಡಿಸಿದ್ದಾರೋ ದುಡ್ಡು ಆ ಖಾತೆಗೇ ಬೀಳುತ್ತದೆ. ಮಗನೋ ಮೊಮ್ಮಗನೋ ಬೇರೆ ಯಾವುದೋ ಯೋಜನೆಗೆ ಅಂತ ಹೊಸ ಖಾತೆ ತೆಗೆಸಿ ಆಧಾರ್ ಕೊಟ್ಟಿರುತ್ತಾನೆ. ಪಿಂಚಣಿ ಅಲ್ಲಿಗೆ ಹೋಗಿ ಕೂತಿರುತ್ತದೆ. ಮುದುಕಿ ಹಳೇ ಪಾಸ್‌ಬುಕ್ ಹಿಡಿದು ಹಳೇ ಬ್ಯಾಂಕಿನ ಬಾಗಿಲಲ್ಲಿ. ಇಲಾಖೆಯ ಲೆಕ್ಕದಲ್ಲಿ "ಪಾವತಿಯಾಗಿದೆ", ಮುದುಕಿಯ ಲೆಕ್ಕದಲ್ಲಿ "ಬಂದಿಲ್ಲ". ಇಬ್ಬರೂ ಹೇಳುವುದು ನಿಜವೇ.

ಅತ್ತ ಸತ್ತವರ ಸಮಾಚಾರ. ಬೆಂಗಳೂರಲ್ಲಿ ಸಾವು ದಾಖಲಾಗುವುದು ಪಾಲಿಕೆಯಲ್ಲಿ. ಪಿಂಚಣಿ ಪಟ್ಟಿ ಇರುವುದು ತಾಲ್ಲೂಕು ಕಚೇರಿಯಲ್ಲಿ. ಜನನ ಮರಣಕ್ಕೆ ಇ-ಜನ್ಮ ತಂತ್ರಾಂಶ, ಕುಟುಂಬದ ವಿವರಕ್ಕೆ 'ಕುಟುಂಬ' ದತ್ತಾಂಶ, ಪಾವತಿಗೆ ಖಜಾನೆ-2. ಒಂದೊಂದು ಮನೆಯ ಬಾಗಿಲು ಒಂದೊಂದು ದಿಕ್ಕಿಗೆ. ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಯೋಜನೆಯ ಲೆಕ್ಕವನ್ನು ಸಿ.ಎ.ಜಿ. ಪರಿಶೋಧಿಸಿ 2023ರಲ್ಲಿ ವರದಿ ಕೊಟ್ಟಿತು. ಸತ್ತವರ ಹೆಸರಲ್ಲಿ ಪಿಂಚಣಿ ಪಾವತಿಯಾದದ್ದು ಅನೇಕ ರಾಜ್ಯಗಳಲ್ಲಿ ಸಿಕ್ಕಿತು. ಅದಕ್ಕಿಂತ ಸ್ವಾರಸ್ಯ ಇನ್ನೊಂದು: ಮುದುಕರ ಪಿಂಚಣಿ ಯೋಜನೆಯ ಬಾಬ್ತಿನಿಂದ 2.83 ಕೋಟಿ ರೂಪಾಯಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಬೇರೆ ಯೋಜನೆಗಳ ಪ್ರಚಾರಕ್ಕೆ ಬಳಸಿತ್ತು. ಹೋರ್ಡಿಂಗ್ ಗೀರ್ಡಿಂಗ್ ಅಂತ. ಸತ್ತವನ ಹೆಸರಲ್ಲಿ 1,200 ಹೋದರೆ ಬದುಕಿರುವ ಹತ್ತು ಜನರ ಪರಿಶೀಲನೆ. ಹೋರ್ಡಿಂಗಿಗೆ ಕೋಟಿ ಹೋದರೆ ವರದಿಯಲ್ಲಿ ಒಂದು ಪ್ಯಾರಾ.

ಇನ್ನು ಆದಾಯದ ಮಿತಿ. ಪಿಂಚಣಿಗೆ ವರ್ಷಕ್ಕೆ 32,000 ರೂಪಾಯಿ ಒಳಗಿರಬೇಕು. ಅಂದರೆ ತಿಂಗಳಿಗೆ 2,700ಕ್ಕೂ ಕಡಿಮೆ. ರಾಮಮೂರ್ತಿ ನಗರದಲ್ಲಿ ಆ ದುಡ್ಡಿಗೆ ಶೀಟಿನ ಒಂದು ಕೋಣೆ ಕೂಡ ಬಾಡಿಗೆಗೆ ಹುಟ್ಟುವುದಿಲ್ಲ. ಅದೇ ಸರ್ಕಾರ ಬಿ.ಪಿ.ಎಲ್. ಕಾರ್ಡಿಗೆ ಇಟ್ಟಿರುವ ಮಿತಿ 1.20 ಲಕ್ಷ. ಅಕ್ಕಿ ಕೊಡುವಾಗ ಬಡವಿ, ಪಿಂಚಣಿ ಕೊಡುವಾಗ ಶ್ರೀಮಂತಳು! ಪರಿಣಾಮ ಏನು? ನಿಜ ಹೇಳಿದವರಿಗೆ ಆದಾಯ ಪ್ರಮಾಣ ಪತ್ರ ಉಪಯೋಗಕ್ಕೆ ಬರುವುದಿಲ್ಲ. ಸುಳ್ಳು ಬರೆಸಿದರೆ ಮುಂದೊಂದು ದಿನ ಗಣಕದಲ್ಲಿ ಎರಡು ಪಟ್ಟಿ ಜೋಡಿಸಿ ನೋಡಿದಾಗ "ಅನರ್ಹ" ಅಂತ ಹೊಡೆದು ಹಾಕುತ್ತಾರೆ. ನಿಯಮವೇ ಸುಳ್ಳು ಹೇಳಿಸುತ್ತದೆ, ಆಮೇಲೆ ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯನ್ನೂ ಕೊಡುತ್ತದೆ.

ಎಂ.ಜಿ. ರಸ್ತೆಯಲ್ಲಿ ನಡೆದದ್ದು

ಟಿನ್ ಫ್ಯಾಕ್ಟರಿಯಲ್ಲಿ ಬಸ್ ಹತ್ತಿ ಹಲಸೂರು ದಾಟಿದರೆ ಎಂ.ಜಿ. ರಸ್ತೆ. ಅಲ್ಲಿನ ಯೂನಿಯನ್ ಬ್ಯಾಂಕ್ ಶಾಖೆಯಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆ ಇತ್ತು. ಬೇಡರು, ನಾಯಕರು, ಸೋಲಿಗರು, ಇರುಳಿಗರು, ಇಂಥ ಸಮುದಾಯಗಳಿಗೆ ಸಾಲ, ಬೋರ್‌ವೆಲ್ಲು, ಜಮೀನು ಅಂತ ಮೀಸಲಿಟ್ಟ ಹಣ. 2024ರಲ್ಲಿ ಆ ಖಾತೆಯ ಸುತ್ತ 187 ಕೋಟಿ ರೂಪಾಯಿ ಅಕ್ರಮ ವರ್ಗಾವಣೆಯ ಆರೋಪ ಎದ್ದಿತು. ಅದರಲ್ಲಿ 89 ಕೋಟಿಗೂ ಹೆಚ್ಚು ಹೈದರಾಬಾದಿನ ಖಾತೆಗಳಿಗೆ ಹರಿದುಹೋಗಿತ್ತು. ಈ 89 ಕೋಟಿಯ ಲೆಕ್ಕವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸದನದಲ್ಲಿ ಹೇಳಿದರು.

ಇದು ಹೊರಬಿದ್ದದ್ದು ಲೆಕ್ಕ ಪರಿಶೋಧನೆಯಿಂದಲ್ಲ, ಮೇಲಧಿಕಾರಿಯ ತಪಾಸಣೆಯಿಂದಲೂ ಅಲ್ಲ. 2024ರ ಮೇ 26ರಂದು ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. ಆ ಪತ್ರವೇ ಬಾಯಿ ಬಿಟ್ಟಿತು. ಜೂನ್ 6ರಂದು ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು, ಮುಂದೆ ಜಾಮೀನೂ ಆಯಿತು. ತಪ್ಪು ಯಾರದು ಅಂತ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಒಂದು ಪ್ರಶ್ನೆ ಕೇಳಲಿಕ್ಕೆ ನ್ಯಾಯಾಲಯ ಬೇಕಿಲ್ಲ. ಮುದುಕಿಯ ಹೆಸರಲ್ಲಿ ಒಂದು ದೀರ್ಘ ಹೆಚ್ಚಾದರೆ ಹಿಡಿಯುವ ಯಂತ್ರಕ್ಕೆ, ಕೋಟಿ ಕೋಟಿ ರಾಜ್ಯದ ಗಡಿ ದಾಟುವಾಗ ಕಣ್ಣು ಯಾಕೆ ಮಂಜಾಯಿತು?

ಕಾರಣ ಇಲ್ಲದೆ ಇಲ್ಲ. ಪಿಂಚಣಿ ಖಜಾನೆಯ ಮೂಲಕ ಹೋಗುತ್ತದೆ, ಹೆಸರು ಹೆಸರಿಗೂ ಬಿಲ್ಲು. ನಿಗಮದ ಹಣ ಹಾಗಲ್ಲ. ಖಜಾನೆಯಿಂದ ಒಮ್ಮೆ ಹೊರಬಂದು ನಿಗಮದ ಬ್ಯಾಂಕ್ ಖಾತೆಯಲ್ಲಿ ಕೂತರೆ, ಕಾಗದದ ಮೇಲೆ ಅದು ಆಗಲೇ 'ಬಿಡುಗಡೆಯಾದ' ಹಣ. ಇಲಾಖೆಯ ಪ್ರಗತಿ ವರದಿಗೆ ಅಷ್ಟು ಸಾಕು. ಅದು ಫಲಾನುಭವಿಯ ಕೈ ಸೇರಿತೋ, ಶಾಖೆಯಿಂದ ಶಾಖೆಗೆ ಪ್ರವಾಸ ಹೊರಟಿತೋ, ಅದು ಬೇರೆ ಪುಸ್ತಕ. ಬಿಡುಗಡೆ ಬೇರೆ, ಖರ್ಚು ಬೇರೆ, ತಲುಪಿದ್ದು ಬೇರೆ. ನಮ್ಮ ಕಲ್ಯಾಣ ಖಾತೆಗಳ ಅರ್ಧ ರೋಗ ಈ ಮೂರನ್ನೂ ಒಂದೇ ಅಂತ ತೋರಿಸುವುದರಲ್ಲಿದೆ.

ಗೃಹಲಕ್ಷ್ಮಿ ನೋಡಿ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಉದ್ಘಾಟನೆ, ಮನೆಯೊಡತಿಗೆ ತಿಂಗಳಿಗೆ 2,000. ರಾಮಮೂರ್ತಿ ನಗರದ ಎಷ್ಟೋ ಅಡುಗೆಮನೆಯ ಗ್ಯಾಸು, ಮಕ್ಕಳ ಟ್ಯೂಷನ್ ಫೀಜು ಅದರಲ್ಲೇ ನಡೆಯುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ 2025ರ ಫೆಬ್ರುವರಿ, ಮಾರ್ಚ್ ಕಂತು ಬಂದಿಲ್ಲ ಅಂತ ಹೆಂಗಸರು ಹೇಳುತ್ತಲೇ ಇದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲವಾದ ಮೇಲೆ, ಆಗಸ್ಟ್‌ವರೆಗೆ ಎಲ್ಲ ಕೊಟ್ಟಾಗಿದೆ ಎಂದಿದ್ದ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಆ ಎರಡು ತಿಂಗಳು ಬಾಕಿ ಇರುವುದನ್ನು ಒಪ್ಪಿ ವಿಷಾದ ಹೇಳಿದರು. ಪಾಸ್‌ಬುಕ್ ಓದಲು ಬಾರದ ಹೆಂಗಸಿಗೆ ತಿಂಗಳುಗಟ್ಟಲೆ ಮುಂಚೆ ಗೊತ್ತಿದ್ದ ಸಂಗತಿ ಇಲಾಖೆಯ ಟಿಪ್ಪಣಿಗೆ ಗೊತ್ತಿರಲಿಲ್ಲ!

ಗಡಿಯಾಚೆ ನಾಲ್ಕು ಸಾವಿರ

ಇಲ್ಲಿನ ತೆಲುಗು ಮನೆಗಳಲ್ಲಿ ಇತ್ತೀಚೆಗೆ ಒಂದು ಮಾತು ಹಳಸಿಹೋಗುವಷ್ಟು ಓಡಾಡುತ್ತಿದೆ. "ಊರಲ್ಲಿರೋ ನಮ್ಮತ್ತೆಗೆ ನಾಲ್ಕು ಸಾವಿರ, ನನಗೆ ಸಾವಿರದ ಇನ್ನೂರು." ಮಾತು ಸುಳ್ಳಲ್ಲ. ಆಂಧ್ರದಲ್ಲಿ 2024ರ ಜುಲೈ 1ರಿಂದ ವೃದ್ಧಾಪ್ಯ ಪಿಂಚಣಿ 4,000. ಸಚಿವಾಲಯದ ನೌಕರರು ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಕೇರಳ 1,600 ಕೊಡುತ್ತಿತ್ತು, 2025ರ ನವೆಂಬರ್‌ನಲ್ಲಿ 2,000 ಮಾಡಿತು. ತಮಿಳುನಾಡು ಮಾತ್ರ 2023ರಲ್ಲಿ ನಮ್ಮ ಸಮಕ್ಕೆ 1,200ಕ್ಕೆ ಬಂತು. ರಾಜಸ್ಥಾನ 2023ರಲ್ಲಿ ಕಾನೂನನ್ನೇ ಮಾಡಿ, ಪಿಂಚಣಿ ವರ್ಷಕ್ಕೆ ಶೇ. 15 ಏರಬೇಕು ಅಂತ ಬರೆದಿಟ್ಟಿತು. ಕೇಂದ್ರ ಸರ್ಕಾರದ ಪಾಲನ್ನಂತೂ ಕೇಳಲೇಬೇಡಿ. ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ 80ರೊಳಗಿನವರಿಗೆ 2007ರಲ್ಲೂ ಅದು ಕೊಡುತ್ತಿದ್ದದ್ದು 200 ರೂಪಾಯಿ, ಈಗಲೂ 200.

ಆಂಧ್ರದ ಖಜಾನೆಗೆ ಇದು ಎಷ್ಟು ದಿನ ತಡೆಯುತ್ತದೆ ಅನ್ನುವ ವಾದ ಇದೆ. ಇರಲಿ. ಆದರೆ ಮೊತ್ತ ಏರಿಸಲು ದುಡ್ಡು ಬೇಕು, ಲೆಕ್ಕ ನೆಟ್ಟಗಿಡಲು ದುಡ್ಡು ಬೇಡ. ಮಾಹಿತಿ ಹಕ್ಕಿನ ಕಾನೂನು 2005ರಿಂದಲೂ ಹೇಳುತ್ತಿದೆ, ಸಹಾಯಧನ ಪಡೆಯುವವರ ವಿವರವನ್ನು ಇಲಾಖೆ ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು ಅಂತ. ಕರ್ನಾಟಕದಲ್ಲಿ 'ಮಾಹಿತಿ ಕಣಜ' ಅಂತ ವ್ಯವಸ್ಥೆಯೂ ಇದೆ. ಅದು ಫೋನಿನಲ್ಲಿ ಸಿಗುತ್ತದೆ. 70ರ ಮುದುಕಿಗೆ ಬೇಕಾದದ್ದು ರೇಷನ್ ಅಂಗಡಿಯ ಗೋಡೆ ಮೇಲೆ ಅಂಟಿಸಿದ ಒಂದು ಹಾಳೆ: ಈ ವಾರ್ಡಿನಲ್ಲಿ ಯಾರಿಗೆ ಬರುತ್ತಿದೆ, ಯಾರದ್ದು ನಿಂತಿದೆ, ಯಾವ ಕಾರಣಕ್ಕೆ. ಸತ್ತವನ ಹೆಸರು ಪಟ್ಟಿಯಲ್ಲಿದ್ದರೆ ಬೀದಿಯವರೇ ಹೇಳುತ್ತಾರೆ. ಬದುಕಿದವಳ ಹೆಸರು ಬಿಟ್ಟಿದ್ದರೂ ಅವರೇ ಹೇಳುತ್ತಾರೆ.

2022ರಲ್ಲಿ ಆರ್. ಅಶೋಕ್ ಕಂದಾಯ ಮಂತ್ರಿಯಾಗಿದ್ದಾಗ 'ಹಲೋ ಕಂದಾಯ ಸಚಿವರೇ' ಅಂತ ಫೋನು ಇಟ್ಟು, 72 ಗಂಟೆಯಲ್ಲಿ ಪಿಂಚಣಿ ಮಂಜೂರು ಅಂದರು. ಮಂಜೂರಾತಿ ಬೇಗ ಆಗುವುದು ಸಂತೋಷವೇ. ನಿಂತುಹೋದ ಪಿಂಚಣಿಗೆ ಎಷ್ಟು ಗಂಟೆ ಅಂತ ಯಾವ ಮಂತ್ರಿಯೂ ಇಷ್ಟು ಜೋರಾಗಿ ಹೇಳಿದ್ದಿಲ್ಲ. ಹೊಸ ಹೆಸರು ಸೇರಿಸಿದರೆ ಫೋಟೋ ಬರುತ್ತದೆ, ಹಳೇ ಹೆಸರು ಸರಿಪಡಿಸಿದರೆ ಯಾರು ಫೋಟೋ ತೆಗೆಯುತ್ತಾರೆ?

ನಿಂತವರು ಮಾಡಬೇಕಾದ್ದು ಇಷ್ಟು. ನಾಡಕಚೇರಿಯಲ್ಲಿ ಬಾಯಿಮಾತಿಗೆ ಒಪ್ಪದೆ, ಯಾಕೆ ನಿಂತಿದೆ ಅನ್ನುವುದನ್ನು ಬರವಣಿಗೆಯಲ್ಲಿ ಕೇಳುವುದು. ಆಧಾರ್ ಯಾವ ಬ್ಯಾಂಕಿಗೆ ಜೋಡಿಯಾಗಿದೆ ಅಂತ ಮೊದಲು ವಿಚಾರಿಸುವುದು. ಹೊಸ ಅರ್ಜಿಯಾದರೆ ಸಕಾಲದ ರಸೀದಿ ತಪ್ಪದೆ ಇಟ್ಟುಕೊಳ್ಳುವುದು. 2012ರಲ್ಲಿ ಜಾರಿಗೆ ಬಂದ ಸಕಾಲ ಕಾನೂನಿನಲ್ಲಿ, ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಇದೆ. ಆ 20 ರೂಪಾಯಿ ಕೇಳಲಿಕ್ಕೂ ಮತ್ತೊಂದು ಅರ್ಜಿ ಹಾಕಬೇಕು.