ಗುದ್ದಿದ ಹಳೇ ಕಾರನ್ನು ರಿಪೇರಿ ಮಾಡೋಣ, ಐಬು ಮುಚ್ಚುವುದು ಬೇಡ

ಹಳೆಯ ಕಾರಿನ ಮೂತಿ ಎಲ್ಲಾದರೂ ಗುದ್ದಿ ಜಜ್ಜಿಹೋದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. "ಇದಕ್ಕೆ ಇನ್ನು ದುಡ್ಡು ಸುರಿಯಬೇಡಿ, ಗುಜರಿಗೆ ಹಾಕಿ" ಎನ್ನುವುದು ಒಂದು. "ಸ್ವಲ್ಪ ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಗೊತ್ತಾಗದ ಹಾಗೆ ಮಾರಿಬಿಡಿ" ಎನ್ನುವುದು ಇನ್ನೊಂದು. ಇವೆರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೂರನೆಯ ದಾರಿಯೊಂದಿದೆ. ಕೈಲಾಗುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಕೈಲಾಗದ್ದನ್ನು ಬಲ್ಲವರಿಗೆ ಬಿಡಬೇಕು. ಏನು ಮಾಡಿದೆವು ಎಂಬುದನ್ನು ಬರೆದಿಟ್ಟು, ನಾಳೆ ಆ ಗಾಡಿ ಕೊಳ್ಳುವವರಿಗೆ ತೋರಿಸಬೇಕು.

ಕಾಮರ್ಸ್ ಓದುವವನಿಗೆ ಗ್ಯಾರೇಜಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಓದುವ ಎಷ್ಟೋ ಮಂದಿಯ ಅಣ್ಣಂದಿರು, ಚಾಚಾಗಳು ದುಡಿಯುವುದು ಗ್ಯಾರೇಜುಗಳಲ್ಲೇ. ಅಲ್ಲಿನ ವ್ಯವಹಾರ ನಮ್ಮ ಪಠ್ಯಕ್ಕೆ ಹೊರಗಿನದಲ್ಲ. ನನಗೆ ಗಾಡಿ ಓಡಿಸುವ ಲೈಸೆನ್ಸ್ ಪಡೆಯಲು ಇನ್ನೊಂದು ವರ್ಷ ಕಾಯಬೇಕು, ಆದರೆ ಸ್ಪ್ಯಾನರ್ ಹಿಡಿಯಲು ಲೈಸೆನ್ಸ್ ಬೇಕಿಲ್ಲ.

ಸ್ಪೋರ್ಟ್ಸ್ ಕಾರು ಎಂದರೆ ಮೊಬೈಲಿನಲ್ಲಿ ನೋಡುವ ಫೆರಾರಿ ಮಾತ್ರವಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ರ‍್ಯಾಲಿಗಳು ನಡೆಯುತ್ತವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೂಡ ಚಿಕ್ಕಮಗಳೂರಿನಲ್ಲಿ ನಡೆದಿದೆ. ಮಾರುತಿ ಜಿಪ್ಸಿ, ಮಾರುತಿ ಎಸ್ಟೀಮ್ ಇಂಥ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಗಾಡಿಗಳು. 1994ರಲ್ಲಿ ಬಂದ ಎಸ್ಟೀಮ್‌ನದು 1.3 ಲೀಟರ್ ಎಂಜಿನ್, ಹಗುರವಾದ ಮೈ. ಹಳೆಯದಾದರೂ ಹುಡುಗರು ಅದನ್ನು ಇಂದಿಗೂ ಹುಡುಕಿ ಕೊಳ್ಳುವುದು ಆ ಓಟಕ್ಕಾಗಿ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಫೈಬರ್ ಮೈಯ ಡಾಲ್ಫಿನ್ ಕೂಡ ರ‍್ಯಾಲಿ ಓಡಿದ ಕಾರೇ.

ರ‍್ಯಾಲಿಯ ಮೆಕ್ಯಾನಿಕ್‌ಗಳು ಗುದ್ದಿ ಬಂದ ಗಾಡಿಯ ಬಂಪರ್, ರೇಡಿಯೇಟರ್ ಕಳಚಿ ಬೇರೆಯದನ್ನು ಕೂರಿಸಿ ಮತ್ತೆ ಓಟಕ್ಕೆ ಕಳಿಸುತ್ತಾರೆ. ಆದರೆ ಅಲ್ಲಿ ಗಾಡಿ ಸುರಕ್ಷಿತವಾಗಿದೆಯೇ ಎಂದು ನೋಡಲು ತಪಾಸಣೆಯವರು ಇರುತ್ತಾರೆ. ನಮ್ಮ ಬೀದಿಯಲ್ಲಿ ರಿಪೇರಿಯಾದ ಗಾಡಿಯನ್ನು ಹಾಗೆ ನೋಡುವವರು ಯಾರು?

ಮೊದಲು ಹಣದ ಲೆಕ್ಕ ನೋಡೋಣ. ಬಹಳಷ್ಟು ಹಳೆಯ ಕಾರುಗಳಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇರುತ್ತದೆ. ಕಾನೂನಿನ ಪ್ರಕಾರ ಅದು ಕಡ್ಡಾಯ. ಆದರೆ ಅದು ತುಂಬಿಕೊಡುವುದು ಎದುರಿನವರ ನಷ್ಟವನ್ನು, ನಮ್ಮ ಗಾಡಿಯ ರಿಪೇರಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ, ಸಾಮಾನ್ಯ ಪಾಲಿಸಿಯಲ್ಲಿ 10 ವರ್ಷ ದಾಟಿದ ಗಾಡಿಯ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಎಂದು ಕಳೆಯುತ್ತಾರೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೂ ಶೇ. 50. ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಾದ ಗಾಡಿಯ ಮೌಲ್ಯದ ಶೇ. 75 ದಾಟಿದರೆ ಅದನ್ನು ಪೂರ್ತಿ ನಷ್ಟವೆಂದೇ ಪರಿಗಣಿಸುತ್ತಾರೆ. ಗಾಡಿಯ ಮೌಲ್ಯ 80,000 ರೂಪಾಯಿ ಎಂದಿಟ್ಟುಕೊಳ್ಳಿ. 60,000 ದಾಟಿದರೆ ಅದರ ಕಥೆ ಮುಗಿಯಿತು. ಬಾನೆಟ್, ಫೆಂಡರ್, ಹೆಡ್‌ಲೈಟ್, ರೇಡಿಯೇಟರ್ ಎಲ್ಲ ಹೊಸದು ಹಾಕಿಸಿ, ಬಣ್ಣ ಮತ್ತು ಕೂಲಿ ಸೇರಿಸಿದರೆ ಆ ಮೊತ್ತ ತಲುಪುವುದು ಕಷ್ಟವೇನಲ್ಲ. ಎಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗಿದ್ದರೂ ಗಾಡಿ ಕಾಗದದ ಮೇಲೆ ಸತ್ತಂತೆ.

ಸ್ವಂತ ರಿಪೇರಿಗೆ ಅರ್ಥ ಬರುವುದು ಇಲ್ಲೇ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಗಾಡಿಗಳ ಭಾಗಗಳು ಹೊಸದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮೂರಿನ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಿ ತರಬಹುದು. ಆದರೆ ಬಿಲ್ ಕೇಳಿ ಪಡೆಯಬೇಕು. ಬಿಲ್ ಇಲ್ಲದ ಭಾಗ ಯಾರದೋ ಕಳುವಾದ ಗಾಡಿಯದೂ ಆಗಿರಬಹುದು. ಕೂಲಿ ನಮ್ಮದೇ ಆದರೆ ಉಳಿಯುವ ಹಣ ಕಡಿಮೆಯೇನಲ್ಲ, ಜೊತೆಗೆ ಗಾಡಿಯ ಒಳಗೇನಿದೆ ಎಂದು ತಿಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ನಾವೇ ಮಾಡಬಹುದೇ? ಖಂಡಿತ ಇಲ್ಲ. ನಮ್ಮೂರಿನ ಒಬ್ಬ ಉಸ್ತಾದರು ನನಗೆ ಹೇಳಿಕೊಟ್ಟ ನಿಯಮ ಸರಳವಾಗಿದೆ. ಕಾರಿನ ಮುಂಭಾಗದಲ್ಲಿ ಎರಡು ಬಗೆಯ ಭಾಗಗಳಿವೆ: ಬೋಲ್ಟ್ ಹಾಕಿ ಕೂರಿಸಿದವು, ವೆಲ್ಡಿಂಗ್ ಮಾಡಿ ಕೂರಿಸಿದವು. ಬಂಪರ್, ಗ್ರಿಲ್, ಹೆಡ್‌ಲೈಟ್, ಬಾನೆಟ್, ಮುಂದಿನ ಫೆಂಡರ್, ರೇಡಿಯೇಟರ್, ಅದರ ಫ್ಯಾನ್ ಇವೆಲ್ಲ ಸಾಮಾನ್ಯವಾಗಿ ಬೋಲ್ಟ್‌ನವು. ಮನೆಯ ಅಂಗಳದಲ್ಲಿ ಸ್ಪ್ಯಾನರ್ ಸೆಟ್ ಇಟ್ಟುಕೊಂಡು ಇವನ್ನು ಬದಲಿಸಬಹುದು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ರೇಡಿಯೇಟರ್ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆಯಬೇಕು. ಬಾನೆಟ್ ಬಿಚ್ಚಲು ಇಬ್ಬರು ಬೇಕು. ಹೊಸದು ಕೂರಿಸಿದ ಮೇಲೆ ಅದರ ಲಾಕ್ ಸರಿಯಾಗಿ ಬೀಳುತ್ತದೆಯೇ ಎಂದು ಹತ್ತು ಸಲವಾದರೂ ನೋಡಬೇಕು, ಏಕೆಂದರೆ ಓಡುವಾಗ ಬಾನೆಟ್ ಎದ್ದರೆ ಎದುರಿನ ರಸ್ತೆಯೇ ಕಾಣುವುದಿಲ್ಲ. ಹೆಡ್‌ಲೈಟ್ ಹಾಕಿದ ಮೇಲೆ ಗೋಡೆಯ ಎದುರು ಗಾಡಿ ನಿಲ್ಲಿಸಿ ಬೆಳಕು ಎಷ್ಟು ಎತ್ತರಕ್ಕೆ ಬೀಳುತ್ತದೆ ಎಂದು ಸರಿಮಾಡಬೇಕು. ಬರೀ ಜಾಕ್ ನಂಬಿ ಯಾವತ್ತೂ ಗಾಡಿಯ ಕೆಳಗೆ ತೂರಬಾರದು.

ವೆಲ್ಡಿಂಗ್‌ನ ಭಾಗಗಳು ಬೇರೆ ಮಾತು. ಚಕ್ರದ ಒಳಬದಿಯ ಏಪ್ರನ್, ಎಂಜಿನ್‌ನ ಎರಡೂ ಪಕ್ಕ ಮುಂದಕ್ಕೆ ಚಾಚಿಕೊಂಡ ಚಾಸಿಸ್ ತೋಳುಗಳು ಇವು. ಇವುಗಳಲ್ಲಿ ಮಡಿಕೆ ಕಂಡರೆ, ಸೀಳು ಕಂಡರೆ, ಅಲ್ಲಿಗೆ ನಮ್ಮ ಕೆಲಸ ನಿಲ್ಲಿಸಬೇಕು. ಕಣ್ಣಿಗೆ ಕಾಣದಿದ್ದರೆ ಟೇಪ್ ಹಿಡಿದು ಅಳೆಯಬೇಕು. ಎಡ ಮುಂದಿನ ಬೋಲ್ಟ್‌ನಿಂದ ಬಲ ಹಿಂದಿನ ಬೋಲ್ಟ್‌ಗೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಕರ್ಣದ ಅಳತೆ ತೆಗೆದರೆ ಎರಡೂ ಒಂದೇ ಬರಬೇಕು. ಬರದಿದ್ದರೆ ಗಾಡಿಯ ಮೂತಿ ಓರೆಯಾಗಿದೆ ಎಂದರ್ಥ. ಅದನ್ನು ಎಳೆದು ಸರಿಮಾಡಲು ಅದಕ್ಕೆಂದೇ ಇರುವ ಬೆಂಚ್ ಮತ್ತು ಅನುಭವದ ಕೈ ಬೇಕು. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ತಂತಿ, ಸೆನ್ಸರ್‌ಗಳನ್ನು ನಾವು ಮುಟ್ಟಲೇಬಾರದು. ಎ.ಸಿ. ಗ್ಯಾಸ್ ಪೈಪ್ ಕೂಡ ಹಾಗೆಯೇ.

ಇಷ್ಟು ಬಿಗಿ ಯಾಕೆ? ಕಾರಿನ ಮೂತಿ ಇರುವುದು ಅಂದಕ್ಕೆ ಮಾತ್ರ ಅಲ್ಲ. ಗುದ್ದಿದಾಗ ಅದು ಮಡಚಿಕೊಂಡು ಪೆಟ್ಟನ್ನು ತಾನು ತಿನ್ನಬೇಕು, ಒಳಗೆ ಕೂತವರು ಉಳಿಯಬೇಕು. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಈ ಆಲೋಚನೆಗೆ ಪೇಟೆಂಟ್ ಪಡೆದಿದ್ದರು. ವೇಗ ಎರಡು ಪಟ್ಟಾದರೆ ಗಾಡಿಯ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. 30 ಕಿ.ಮೀ. ವೇಗದಲ್ಲಿ ತಡೆದ ಮೂತಿ 60ರಲ್ಲಿ ನಾಲ್ಕು ಪಟ್ಟು ಹೊರೆ ಹೊರಬೇಕು. ಒಮ್ಮೆ ಮಡಚಿದ ತಗಡನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದರೆ ಅದು ಎರಡನೆಯ ಸಲ ಮೊದಲಿನಂತೆ ತಡೆಯುತ್ತದೆ ಎಂಬ ಭರವಸೆ ಇಲ್ಲ. ಜಿಪ್ಸಿಗೆ ಏಣಿಯಂಥ ಪ್ರತ್ಯೇಕ ಚಾಸಿಸ್ ಇದೆ. ಎಸ್ಟೀಮ್‌ಗೆ ಅದಿಲ್ಲ, ಮೈಯೇ ಚಾಸಿಸ್. ಫೈಬರ್ ಮೈಯ ಕಾರಿನಲ್ಲಿ ಮೇಲಿನ ಫೈಬರ್ ಬಿರುಕು ಬಿಟ್ಟರೆ ಅಂಟಿಸಬಹುದು, ಆದರೆ ಅದರ ಹಿಂದಿನ ಕಬ್ಬಿಣವನ್ನು ನೋಡದೆ ಅಂಟಿಸುವುದು ಅಪಾಯ. ಇನ್ನು ಕೆಲವರು ಒಮ್ಮೆ ಗುದ್ದಿದ ಮೇಲೆ ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ. ಅದು ಪೆಟ್ಟನ್ನು ತಿನ್ನುವುದಿಲ್ಲ, ಒಳಕ್ಕೆ ದಾಟಿಸುತ್ತದೆ. ಕಾರುಗಳಿಗೆ ಇಂಥ ಗಾರ್ಡ್ ಹಾಕುವುದು ಕಾನೂನುಬಾಹಿರ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ಮಾಮು ಒಂದು ಹಳೆಯ ಎಸ್ಟೀಮ್ ಕೊಂಡಿದ್ದರು. ಬಣ್ಣ ಹೊಳೆಯುತ್ತಿತ್ತು, ಸೀಟ್ ಕವರ್ ಹೊಸದು. ಕೆಲವೇ ತಿಂಗಳಲ್ಲಿ ಎಡಗಡೆಯ ಮುಂದಿನ ಟೈರ್ ಒಂದೇ ಬದಿ ಸವೆಯಿತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಎಡಕ್ಕೆ ಎಳೆಯುವುದು ನಿಲ್ಲಲಿಲ್ಲ. ಕೊನೆಗೆ ಉಸ್ತಾದರು ಏಪ್ರನ್ ಮೇಲಿನ ಬಣ್ಣ ಕೆರೆದು ನೋಡಿದರು. ಬೆರಳು ದಪ್ಪದ ಪುಟ್ಟಿ ಉದುರಿತು. ಅದರ ಕೆಳಗೆ ಮಡಚಿದ ತಗಡು, ಅದಕ್ಕೊಂದು ತೇಪೆ.

"ಭಾಯ್, ಇದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗಬೇಡಿ" ಎಂದರು ಉಸ್ತಾದರು.

"ಮಾರಿದವರು ಒಂದು ಗೀರೂ ಇಲ್ಲ ಅಂದಿದ್ದರಲ್ಲ" ಎಂದರು ಮಾಮು.

"ಗೀರು ಇರಲಿಲ್ಲ, ನಿಜ. ಐಬು ಇತ್ತು."

ನಮ್ಮ ಮನೆಯಲ್ಲಿ ಉರ್ದು ಆಡುವಾಗ ಐಬ್ ಎನ್ನುತ್ತೇವೆ. ಸಂತೆಯಲ್ಲಿ ಕನ್ನಡದವರೂ ಐಬು ಎನ್ನುತ್ತಾರೆ. ಎರಡೂ ಭಾಷೆಯಲ್ಲಿ ಅರ್ಥ ಒಂದೇ. ಅಮೃತಮಹಲ್ ತಳಿಯ ಕೇಂದ್ರ ಇರುವ ಊರು ನಮ್ಮದು. ಇಲ್ಲಿ ದನ ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ಐಬು ಇಲ್ಲವೆಂದು ಖಾತ್ರಿಯಾದ ಮೇಲೆ ಬೆಲೆ ಮಾತಾಡುತ್ತಾರೆ. ಕಾರು ಕೊಳ್ಳುವಾಗ ಮಾತ್ರ ಬಣ್ಣ ನೋಡಿ ದುಡ್ಡು ಎಣಿಸುತ್ತೇವೆ.

ಪ್ರವಾದಿ ಮುಹಮ್ಮದ್ (ಸ) ಅವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ನೆನೆದ ಧಾನ್ಯ ಮಾರಬೇಡ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ನೆನೆದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಗುದ್ದಿದ ಗಾಡಿಯೂ ಹಾಗೆಯೇ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ತತ್ವ 1930ರ ಸರಕು ಮಾರಾಟ ಕಾಯ್ದೆಯಲ್ಲಿದೆ, ಅದನ್ನೇ ಹಿಡಿದು ಕೆಲವರು ವಾದಿಸುತ್ತಾರೆ. ಆದರೆ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಗೊತ್ತಿರುವ ಸಂಗತಿಯನ್ನು ಮೋಸದ ಉದ್ದೇಶದಿಂದ ಬೇಕೆಂದೇ ಮರೆಮಾಚುವುದು ವಂಚನೆ. ಬಾಯಿ ಮುಚ್ಚಿಕೊಂಡಿರುವುದು ಒಂದು, ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಇನ್ನೊಂದು. ಲೆಕ್ಕಶಾಸ್ತ್ರದಲ್ಲೂ ಮುಖ್ಯವಾದ ಯಾವ ಸಂಗತಿಯನ್ನೂ ಮುಚ್ಚಿಡದೆ ಪ್ರಕಟಿಸಬೇಕೆಂದು ಓದುತ್ತೇವೆ. ಅದು ಪರೀಕ್ಷೆಯ ಎರಡು ಅಂಕಕ್ಕೆ ಮಾತ್ರ ಇರುವ ಪಾಠವೇ?

"ನಿಜ ಹೇಳಿದರೆ ಬೆಲೆ ಬೀಳುತ್ತದೆ, ಹೇಳದವನು ಲಾಭ ಮಾಡಿಕೊಳ್ಳುತ್ತಾನೆ" ಎಂಬ ಮಾತು ಬರುತ್ತದೆ. ಒಂದು ಗಾಡಿಯ ಮಟ್ಟಿಗೆ ಇದು ನಿಜವೇ. ಆದರೆ ಇಡೀ ಮಾರುಕಟ್ಟೆಯ ಮಟ್ಟಿಗೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ವಿವರಿಸಿದರು. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಗಾಡಿಗಳೇ ಉಳಿಯುತ್ತವೆ. 2001ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಮುಚ್ಚಿಟ್ಟವನಿಂದ ನಷ್ಟವಾಗುವುದು ಕೊಂಡವನಿಗೆ ಮಾತ್ರವಲ್ಲ. ಪ್ರಾಮಾಣಿಕವಾಗಿ ರಿಪೇರಿ ಮಾಡುವ ಗ್ಯಾರೇಜಿನವನಿಗೂ ಕೆಲಸಕ್ಕೆ ತಕ್ಕ ಬೆಲೆ ಸಿಗುವುದಿಲ್ಲ. ಆ ಗ್ಯಾರೇಜಿನವನು ನಮ್ಮವನೇ ಆಗಿರಬಹುದು.

ಆದ್ದರಿಂದ ನನ್ನದೊಂದು ಸಲಹೆ. ಮನೆಯಲ್ಲಿ ಹಳೆಯ ಗಾಡಿ ಇರುವ ಪ್ರತಿಯೊಬ್ಬ ಕಾಮರ್ಸ್ ವಿದ್ಯಾರ್ಥಿಯೂ ಅದಕ್ಕೊಂದು 100 ಪುಟದ ನೋಟ್‌ಬುಕ್ ಇಡಲಿ. ಗುದ್ದಿದ ದಿನಾಂಕ, ಬಿಚ್ಚುವ ಮೊದಲಿನ ಫೋಟೊ, ಬಿಚ್ಚಿದ ಮೇಲಿನ ಫೋಟೊ, ಕರ್ಣದ ಅಳತೆ, ಯಾವ ಭಾಗ ಹೊಸದು, ಯಾವುದು ಗುಜರಿಯದು, ಯಾವುದನ್ನು ಮನೆಯಲ್ಲಿ ಮಾಡಿದೆವು, ಯಾವುದನ್ನು ಗ್ಯಾರೇಜಿನಲ್ಲಿ ಮಾಡಿಸಿದೆವು, ಬಿಲ್ ಎಷ್ಟು, ಎಲ್ಲವೂ ಅದರಲ್ಲಿರಲಿ. ಗ್ಯಾರೇಜ್ ನಡೆಸುವ ಮನೆಯವರಿದ್ದರೆ ಅವರಿಗೂ ಇಂಥದ್ದೊಂದು ಪುಸ್ತಕ ಬರೆದುಕೊಡೋಣ. ಅವರಿಗೆ ಕೈಕೆಲಸ ಗೊತ್ತು, ನಮಗೆ ಲೆಕ್ಕ ಬರೆಯಲು ಗೊತ್ತು. ಗಾಡಿ ಮಾರುವಾಗ ಆರ್.ಸಿ. ಜೊತೆ ಆ ಪುಸ್ತಕವನ್ನೂ ಕೊಡೋಣ. ಬೆಲೆ ಐದು ಸಾವಿರ ಕಡಿಮೆ ಬಂದರೂ ಪರವಾಗಿಲ್ಲ. ಕೊಂಡವರು ತಮ್ಮ ಮಕ್ಕಳನ್ನು ಅದರಲ್ಲಿ ಕೂರಿಸುವ ಮೊದಲು ಏನು ಸರಿಮಾಡಿಸಬೇಕೆಂದು ಅವರಿಗೆ ಗೊತ್ತಿರುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ