ಕೋಡಿಂಗ್ ಕೋರ್ಸ್‌ಗೆ ಫೀಸ್ ಕಟ್ಟುವ ಮೊದಲು

ಪಿಯುಸಿ, ಡಿಪ್ಲೊಮಾ ಫಲಿತಾಂಶ ಬಂದರೆ ಸಾಕು, ತಾಲ್ಲೂಕು ಬಸ್ ನಿಲ್ದಾಣದ ಸುತ್ತ ಕೋಡಿಂಗ್ ಕೋರ್ಸ್‌ಗಳ ಪೋಸ್ಟರ್ ಬೀಳುತ್ತವೆ. ಒಡವೆ ಅಡವಿಟ್ಟು ಫೀಸ್ ಕಟ್ಟುವ ಮನೆಗಳೂ ಇವೆ. ಎಲ್ಲರೂ ಕೇಳುವುದು ಒಂದೇ: ‘ಯಾವ ಭಾಷೆ ಒಳ್ಳೇದು?’ ನಮ್ಮ ಪ್ರಕಾರ ಮೊದಲು ಕೇಳಬೇಕಾದದ್ದು ಅದಲ್ಲ; ‘ಯಾವ ಕೆಲಸಕ್ಕೆ?’ ಎಂಬುದು.

ತೆಂಗಿನಕಾಯಿ ಸುಲಿಯಲು ನಾವ್ಯಾರೂ ಕುಡುಗೋಲು ಹಿಡಿಯುವುದಿಲ್ಲ. ಇಲ್ಲೂ ಲೆಕ್ಕ ಅದೇ.

ಈಗ ಎಲ್ಲರ ಬಾಯಲ್ಲೂ ಪೈಥಾನ್. 1991ರಲ್ಲಿ ಬಂದ ಈ ಭಾಷೆ ಕಲಿಯಲು ಸುಲಭ. ಮಳೆ ಪ್ರಮಾಣ, ಎಪಿಎಂಸಿ ದರದಂಥ ಅಂಕಿಅಂಶ ಜಾಲಾಡಲು ಹೇಳಿ ಮಾಡಿಸಿದ್ದು. ಆದರೆ ಹೊಲದ ತೇವಾಂಶ ನೋಡಿ ಪಂಪ್ ಆನ್ ಮಾಡುವ ಸಾಧನ ಮಾಡಬೇಕೆಂದರೆ? ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೊ ಊನೊ ಬೋರ್ಡ್‌ನಲ್ಲಿ ಇರುವ ರ್‍ಯಾಮ್ ಬರೀ 2 ಕೆಬಿ. ಪೈಥಾನ್ ಅದರೊಳಗೆ ಹಿಡಿಸುವುದೇ ಇಲ್ಲ. ಅಲ್ಲಿ ಸಿ, ಸಿ ಪ್ಲಸ್ ಪ್ಲಸ್ ಬೇಕು.

ಆಂಡ್ರಾಯ್ಡ್ ಆ್ಯಪ್ ಮಾಡುವ ಆಸೆಯಿದ್ದರೆ ಕೋಟ್ಲಿನ್. 2019ರಿಂದ ಗೂಗಲ್ ಅದಕ್ಕೇ ಮೊದಲ ಮಣೆ ಹಾಕಿದೆ. ಅದಕ್ಕೆ ಬಳಸುವ ಆಂಡ್ರಾಯ್ಡ್ ಸ್ಟುಡಿಯೊ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ತೆವಳುತ್ತದೆ. ಫೀಸ್ ಜೊತೆ ಆ ಖರ್ಚನ್ನೂ ಲೆಕ್ಕ ಹಾಕಿ. ವೆಬ್‌ಸೈಟ್‌ಗೆ ಜಾವಾಸ್ಕ್ರಿಪ್ಟ್ ಬೇಕು. ಹೆಸರು ಹತ್ತಿರವಿದ್ದರೂ ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ. ಜಾವಾ ಹಳತಾಯಿತು ಎಂಬ ಮಾತು ನಂಬಬೇಡಿ; ಬ್ಯಾಂಕ್, ದೊಡ್ಡ ಕಂಪನಿಗಳ ಸರ್ವರ್ ಕೆಲಸದಲ್ಲಿ ಅದು ಇನ್ನೂ ಗಟ್ಟಿಯಾಗಿದೆ. ದಾಖಲೆ ಕೂಡಿಡುವ, ಹುಡುಕುವ ಕೆಲಸವಿದ್ದಲ್ಲೆಲ್ಲ ಎಸ್‌ಕ್ಯೂಎಲ್ ಬೇಕಾಗುತ್ತದೆ. ಪೋಸ್ಟರ್‌ನಲ್ಲಿ ಅದರ ಹೆಸರು ಮೂಲೆಯಲ್ಲಿರುತ್ತದೆ, ಸಂದರ್ಶನದಲ್ಲಿ ಮುಂದೆ ಬರುತ್ತದೆ.

‘ಎಲ್ಲ ಗೊತ್ತಿದ್ದರೆ ಎಲ್ಲೋ ಒಂದು ಕಡೆ ಕೆಲಸ ಸಿಗುತ್ತದೆ’ ಎಂದು ಮೂರು ತಿಂಗಳಲ್ಲಿ ಐದು ಭಾಷೆ ಕಲಿಸುವವರೂ ಇದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಒಂದು ಭಾಷೆಯಲ್ಲಿ ತರ್ಕ ಕೈಗೆ ಹತ್ತಿದರೆ ಎರಡನೆಯದು ಬೇಗ ಬರುತ್ತದೆ. ಐದನ್ನೂ ಅರೆಬರೆ ಮುಟ್ಟಿದವರಿಗೆ ಒಂದೂ ದಕ್ಕುವುದಿಲ್ಲ.

ಹಾಗಾಗಿ ಪೋಷಕರೇ, ಫೀಸ್ ಕಟ್ಟುವ ಮೊದಲು ಸೆಂಟರ್‌ನವರನ್ನು ಮೂರು ಮಾತು ಕೇಳಿ. ಈ ಭಾಷೆ ಯಾವ ಕೆಲಸಕ್ಕೆ? ಕೋರ್ಸ್ ಮುಗಿಯುವಾಗ ಮಗಳು ಅಥವಾ ಮಗ ಸ್ವಂತವಾಗಿ ಏನು ಮಾಡಿ ತೋರಿಸಬಲ್ಲರು? ಹಿಂದಿನ ಬ್ಯಾಚ್‌ನವರು ಮಾಡಿದ್ದನ್ನು ತೋರಿಸುತ್ತೀರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಪೈಥಾನ್ ಉಚಿತ. ಗೂಗಲ್ ಕೋಲ್ಯಾಬ್ ತೆರೆದರೆ ಮೊದಲ ಪಾಠಗಳನ್ನು ಕೈಲಿರುವ ಮೊಬೈಲ್‌ನಲ್ಲೇ ಬರೆದು ನೋಡಬಹುದು. ಒಂದು ತಿಂಗಳು ಹಾಗೆ ಕಲಿತು, ಮಗುವಿಗೆ ಇದು ಹಿಡಿಸುತ್ತದೆಯೇ ಎಂದು ತಿಳಿದ ಮೇಲೆ ಫೀಸ್ ಮಾತಾಡಿ. ಒಡವೆ ಅಲ್ಲಿಯವರೆಗೆ ಮನೆಯಲ್ಲೇ ಇರಲಿ.